ಅಪ್ಪನ ಹನ್ನೊಂದು, ಪುಸ್ತಕದ ಹನ್ನೊಂದು

ನಾನೇ ಬರೆದ ಪುಸ್ತಕ ಯಾವುದಾದರೂ ಗ್ರಂಥಾಲಯದ ಕಪಾಟಿನಲ್ಲಿ ಕಂಡರೆ ಮುಖ ತಿರುಗಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತೇನೆ. ಜನಸಾಮಾನ್ಯರಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನದ ಆಕರಗ್ರಂಥ ಅಂತ ಅದರ ರಟ್ಟಿನ ಮೇಲೆ ಅಚ್ಚಾಗಿದೆ. ಹೌದಪ್ಪ, ಜನಸಾಮಾನ್ಯರಿಗಾಗಿಯೇ. ಅದನ್ನು ನಂಬಿ ಮೂರು ಮೋಟಾರು ಸುಟ್ಟುಕೊಂಡವನೂ ಜನಸಾಮಾನ್ಯನೇ, ಅದರ ದೆಸೆಯಿಂದ ಮೂವತ್ತು ವರ್ಷದ ಹೆಸರು ಕಳಕೊಂಡವನೂ ಜನಸಾಮಾನ್ಯನೇ. ಹೆಸರು ಕಳಕೊಂಡವನು ನನ್ನ ಅಪ್ಪ. ಶಾಲು ಹೊದಿಸಿಕೊಂಡವಳು ನಾನು.

ಎಲ್ಲ ಶುರುವಾದದ್ದು ನನ್ನ ಸಿಟ್ಟಿನಿಂದ. ತೊಂಬತ್ತರ ದಶಕದ ನಡುವೆ ನನಗೆ ಮೊದಲ ನೌಕರಿ ಸಿಕ್ಕಿದ್ದು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ, ವಿಜ್ಞಾನದ ಟೀಚರ್ ಅಂತ. ಸ್ಟಾಫ್ ರೂಮಿನ ಕಬ್ಬಿಣದ ಕಪಾಟಿನಲ್ಲಿ ಇಂಥ ಆಕರಗ್ರಂಥಗಳ ಒಂದು ಸಾಲೇ ಇತ್ತು. ದಪ್ಪ ರಟ್ಟು, ಹೊಳೆಯುವ ಕಾಗದ, ಪುಟಕ್ಕೊಂದು ಬಣ್ಣದ ಚಿತ್ರ. ನನಗೋ ಓದುವ ಹುಚ್ಚು. ಮಧ್ಯಾಹ್ನ ರೊಟ್ಟಿ ತಿಂದು ಕೈ ತೊಳೆದವಳೇ ಒಂದು ಸಂಪುಟ ಹಿಡಿದು ಕೂಡುತ್ತಿದ್ದೆ. ಲಿಫ್ಟ್ ಹೇಗೆ ಮೇಲೆ ಹೋಗುತ್ತದೆ, ಬಟ್ಟೆ ಒಗೆಯುವ ಮಶಿನ್ನಿನ ಹೊಟ್ಟೆಯೊಳಗೆ ಏನಿದೆ, ನೀರಿನೊಳಗೆ ಮುಳುಗುವ ಹಡಗಿನಲ್ಲಿ ಜನ ಹೇಗೆ ಉಸಿರಾಡುತ್ತಾರೆ, ಎಲ್ಲ ಇತ್ತು. ಸಿಂದಗಿಯಲ್ಲಿ ಆಗ ಲಿಫ್ಟ್ ಎಲ್ಲಿಂದ ಬರಬೇಕು? ಮಾಳಿಗೆ ಮೇಲೆ ಮಾಳಿಗೆ ಇದ್ದ ಮನೆಗಳನ್ನೇ ಬೆರಳ ಮೇಲೆ ಎಣಿಸಬಹುದಿತ್ತು. ಆದರೆ ಸುತ್ತಲಿನ ಹೊಲಹೊಲಕ್ಕೂ ಬೋರು ಬಿದ್ದಿತ್ತು, ಬೋರಿನೊಳಗೆ ಮೋಟಾರು ಇತ್ತು, ಆ ಮೋಟಾರು ನೆಟ್ಟಗಿಲ್ಲದ ಕರೆಂಟಿಗೆ ಸಿಕ್ಕು ಸುಡುತ್ತಲೇ ಇತ್ತು. ಅದರ ಬಗ್ಗೆ ಅಷ್ಟೂ ಸಂಪುಟಗಳಲ್ಲಿ ಇದ್ದದ್ದು ಒಂದು ಚಿತ್ರ, ಎರಡು ಬಾಣ, ಮತ್ತು ವಿದ್ಯುಚ್ಛಕ್ತಿಯನ್ನು ಯಾಂತ್ರಿಕ ಶಕ್ತಿಯಾಗಿ ಪರಿವರ್ತಿಸುವ ಸಾಧನ ಅನ್ನುವ ಒಂದು ಸಾಲು. ಅಬ್ಬಬ್ಬಾ, ಏನು ಉಪಕಾರ!

ತಡೆಯಲಾರದೆ ಪ್ರಕಾಶಕರಿಗೆ ಒಂದು ಪತ್ರ ಬರೆದೆ. ನಿಮ್ಮ ಪುಸ್ತಕ ಲಿಫ್ಟಿನಲ್ಲಿ ಓಡಾಡುವವರಿಗೋ, ಬೋರಿನ ನೀರು ಕುಡಿಯುವವರಿಗೋ ಅಂತ ನಾಲ್ಕು ಪುಟ ಜಾಡಿಸಿದ್ದೆ. ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದೂವರೆ ತಿಂಗಳಿಗೆ ಸಂಪಾದಕರ ಕಾಗದ ಬಂತು. ನಿಮ್ಮ ಆಕ್ಷೇಪ ಸರಿಯಾಗಿದೆ, ಹಳ್ಳಿಯ ಯಂತ್ರಗಳ ಬಗ್ಗೆ ಒಂದು ಸಂಪುಟ ಮಾಡೋಣ, ನೀವೇ ಬರೆದುಕೊಡಿ ಅಂತ ಬರೆದಿದ್ದರು. ಅದನ್ನು ಓದಿ ಆ ದಿನವೆಲ್ಲ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಅಷ್ಟರಲ್ಲಿ ನನ್ನ ಲಗ್ನ ಆಗಿತ್ತು. ಗಂಡನ ಮನೆ ಬಸವನ ಬಾಗೇವಾಡಿ. ವರ್ಗ ಮಾಡಿಸಿಕೊಂಡು ಅಲ್ಲಿಯ ಒಂದು ಶಾಲೆಗೆ ಬಂದಿದ್ದೆ. ಅತ್ತೆಯ ಮನೆಯವರು ಓದಿದ ಮಂದಿ, ವಕೀಲಕಿ ಮಾಸ್ತರಕಿ ಮಾಡಿದವರು. ಯಾರಾದರೂ ಬೀಗರ ಬಗ್ಗೆ ಕೇಳಿದರೆ ಅತ್ತೆ, "ಇಂಡಿಯೊಳಗ ಇಲೆಕ್ಟ್ರಿಕಲ್ ಬಿಜಿನೆಸ್ ಐತ್ರಿ" ಅನ್ನುತ್ತಿದ್ದರು. ನಾನೂ ತಿದ್ದುತ್ತಿರಲಿಲ್ಲ. ಆ ಬಿಜಿನೆಸ್ಸು ಅಂದರೆ ಇಂಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಬಿಚ್ಚಿಟ್ಟ ಮೋಟಾರುಗಳು, ಮೂಲೆಯಲ್ಲಿ ಸುಟ್ಟ ತಂತಿಯ ಗುಂಪಿ, ನಡುವೆ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತ ನನ್ನಪ್ಪ. ಸುಟ್ಟ ಮೋಟಾರಿಗೆ ಹೊಸ ತಂತಿ ಹಾಕುವ ರೀವೈಂಡಿಂಗ್ ಕೆಲಸ ಅವನದು. ನಾಲ್ಕನೇ ಇಯತ್ತೆ ಓದಿದ್ದ. ಅಪ್ಪ ಕಟ್ಟಿದ ಮೋಟಾರು ಬೋರಿಗೆ ಇಳಿಯಿತೆಂದರೆ ಮೇಲೆ ಬರುವ ಮಾತಿಲ್ಲ ಅಂತ ಝಳಕಿಯಿಂದ ದೇವರ ಹಿಪ್ಪರಗಿಯ ತನಕ ಮಂದಿ ಹೇಳುತ್ತಿದ್ದರು. ನಾಕು ಊರು ದಾಟಿ, ನಡುವೆ ಬೇರೆ ಅಂಗಡಿ ಇದ್ದರೂ ಬಿಟ್ಟು, ಇವನಲ್ಲಿಗೇ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರು.

ಈ ಕೆಲಸ ನನಗೆ ಹೊಸದಲ್ಲ. ಬೋರಿನ ಮೋಟಾರು ಅಂದರೆ ಉದ್ದನೆಯ ಒಂದು ಕೊಳವೆ. ಅದರ ಗೋಡೆಯಲ್ಲಿ ಈ ತುದಿಯಿಂದ ಆ ತುದಿಗೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಪ್ಲಾಸ್ಟಿಕ್ ಹೊದಿಸಿದ ತಾಮ್ರದ ತಂತಿಯನ್ನು ಆ ಸಂದಿನೊಳಗೆ ಒಬ್ಬರು ತೂರಿಸಬೇಕು, ಇನ್ನೊಂದು ತುದಿಯಲ್ಲಿ ಕೂತವರು ಅದನ್ನು ಎಳೆದು ಮತ್ತೊಂದು ಸಂದಿನಿಂದ ವಾಪಸ್ಸು ಕಳಿಸಬೇಕು. ಒಮ್ಮೆ ಹೋಗಿ ಬಂದರೆ ಒಂದು ಸುತ್ತು. ಯಾವ ಮೋಟಾರಿಗೆ ಎಷ್ಟು ಸುತ್ತು ಅನ್ನುವುದೇ ಈ ವಿದ್ಯೆಯ ಜೀವ. ಸುತ್ತು ಕಡಿಮೆಯಾದರೆ ಮೋಟಾರು ಹೆಚ್ಚು ಕರೆಂಟು ಎಳೆದು ಕಾದು ಸುಡುತ್ತದೆ. ಹೆಚ್ಚಾದರೆ ನೀರು ಎತ್ತುವ ಕಸುವೇ ಇರುವುದಿಲ್ಲ. ಅಪ್ಪ ತೂರಿಸುತ್ತಿದ್ದ, ಬಾಯಲ್ಲಿ ಎಣಿಸುತ್ತಿದ್ದ. ನಾನು ಎದುರು ತುದಿಯಲ್ಲಿ ಕೂತು ಎಳೆಯುತ್ತಿದ್ದೆ. ಆರು ವರ್ಷದವಳಿದ್ದಾಗಿನಿಂದ ಹನ್ನೆರಡರ ತನಕ ಎಳೆದೆ. ಆಮೇಲೆ ಅವ್ವ, "ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನ ಮಂದ್ಯಾಗ ಅಂಗಡಿಯಾಗ ಕುಂದರಸಬ್ಯಾಡ್ರಿ" ಅಂತ ಬಿಡಿಸಿದಳು. ಅಪ್ಪ ಸಂಬಳದ ಆಳೊಬ್ಬನನ್ನು ಇಟ್ಟುಕೊಂಡ. ನಾನು ಪುಸ್ತಕದ ಕಡೆ ಹೋದೆ.

ಸುತ್ತಿನ ಲೆಕ್ಕವೆಲ್ಲ ಅಪ್ಪನ ಒಂದು ವಹಿಯಲ್ಲಿತ್ತು. ಎಣ್ಣೆ ಕೈಯ ಕಲೆ ಹತ್ತಿದ ಉದ್ದನೆಯ ವಹಿ. ಯಾವ ಕಂಪನಿ, ಎಷ್ಟು ಎಚ್.ಪಿ., ಯಾವ ಗೇಜಿನ ತಂತಿ, ಎಷ್ಟು ಸುತ್ತು, ಎಲ್ಲ ಮೂವತ್ತು ವರ್ಷದಿಂದ ಬರೆದಿಟ್ಟದ್ದು. ರೀವೈಂಡಿಂಗ್ ಮಾಡುವವರು ಇಂಥ ವಹಿಯನ್ನು ಕಟ್ಟಿಕೊಂಡ ಹೆಂಡತಿಗೂ ತೋರಿಸುವುದಿಲ್ಲ. ನಾನು ಹೋಗಿ ನೇರವಾಗಿ ಅದನ್ನೇ ಕೇಳಿದೆ.

"ವಹಿ ಕೊಡು ಯಪ್ಪಾ, ಅದರಾಗಿನ ಲೆಕ್ಕ ಪುಸ್ತಕದಾಗ ಹಾಕ್ತೇನಿ."

ಅಪ್ಪ ತಲೆ ಎತ್ತಲಿಲ್ಲ. "ಹಾಕಿ ಏನ್ಮಾಡ್ತಿ?"

"ಎಲ್ಲಾರಿಗೂ ಗೊತ್ತಾಗ್ತೈತಿ."

"ಎಲ್ಲಾರಿಗೂ ಗೊತ್ತಾದ ಮ್ಯಾಲೆ ನನ್ನ ಹತ್ರ ಯಾಂವ ಬರ್ತಾನ? ಭಾಳ ಶಾಣ್ಯಾಕಿ ಅದಿ ಬಿಡು. ಅಪ್ಪನ ಅಂಗಡಿಗೆ ಕೀಲಿ ಹಾಕಸಾಕ ಪುಸ್ತಕ ಬರಿಯಾಕತ್ತಿ."

ನಾನು ಭಾಷಣ ಬಿಗಿದೆ. ವಿದ್ಯೆ ಹಂಚಿದರೆ ಹೆಚ್ಚುತ್ತದೆ, ಅರೆಬರೆ ಕಲಿತವರ ಕೈಯಲ್ಲಿ ಎಷ್ಟು ಮೋಟಾರು ಸುಡುತ್ತವೆ, ಬಡವರ ಪೀಕು ಒಣಗುತ್ತದೆ, ಇಷ್ಟು ವರ್ಷದ ಅನುಭವ ನಿನ್ನ ಜೊತೆಗೇ ಮಣ್ಣಾಗಬೇಕೇನು ಅಂತ. ಅಪ್ಪ ನಕ್ಕ. "ಭಾಷಣ ಚಲೋ ಮಾಡ್ತಿ. ಸಾಲಿ ಹುಡುಗೂರು ನಿದ್ದಿ ಹೊಡೀತಾವೋ ಇಲ್ಲೋ?" ಅಂದ. ಆ ಸಲ ಕೊಡಲಿಲ್ಲ. ಅದರ ಮುಂದಿನ ಸಲವೂ ಕೊಡಲಿಲ್ಲ. ಮೂರನೇ ಸಲ ನಾನು ಕೇಳುವ ಮೊದಲೇ ಮೊಳೆಗೆ ತೂಗಿಬಿಟ್ಟಿದ್ದ ಚೀಲದಿಂದ ತೆಗೆದು ನನ್ನ ಉಡಿಯಲ್ಲಿ ಹಾಕಿದ.

"ತಗೋ. ಸಾಯೂಮುಂದ ಎದಿ ಮ್ಯಾಲೆ ಇಟಗೊಂಡು ಹೋಗೂದೈತೇನು! ಆದ್ರ ಒಂದ ಮಾತು. ಬರದ ಮ್ಯಾಲೆ, ಅಚ್ಚಿಗೆ ಕೊಡೂಕಿಂತ ಮೊದಲ, ಒಮ್ಮಿ ನನ್ನ ಮುಂದ ಓದು. ನಾ ಕಿವಿಲೆ ಕೇಳಬೇಕು. ಅಷ್ಟ ಮಾಡು."

"ಓದ್ತೇನಿ ಬಿಡೋ ಯಪ್ಪಾ. ಅದೇನ್ ದೊಡ್ಡ ಮಾತು" ಅಂದೆ.

ಓದಲಿಲ್ಲ. ಸಂಪಾದಕರು ಅವಸರ ಮಾಡಿದರು, ಪರೀಕ್ಷೆಯ ಪೇಪರು ತಿದ್ದುವುದಿತ್ತು, ಬಾಗೇವಾಡಿಯಿಂದ ಇಂಡಿಗೆ ಹೋಗಿಬರುವುದು ಒಂದು ದಿನದ ಕೆಲಸ. ಇವೆಲ್ಲ ನಾನು ಮಂದಿಗೆ ಹೇಳಿಕೊಂಡು ತಿರುಗಿದ ನೆವಗಳು. ನಿಜ ಬೇರೆ ಇದೆ. ನನ್ನ ಬರಹದಲ್ಲಿ ಕಾಂತಕ್ಷೇತ್ರ, ಪ್ರೇರಿತ ಪ್ರವಾಹ ಅಂತೆಲ್ಲ ಇತ್ತು. ನಾಲ್ಕನೇ ಇಯತ್ತೆಯ ಅಪ್ಪನಿಗೆ ಇದೇನು ತಿಳಿದೀತು ಅಂದುಕೊಂಡೆ. ಅವನ ವಹಿ ಬೇಕಾಗಿತ್ತು, ಅವನ ಕಿವಿ ಬೇಕಾಗಿರಲಿಲ್ಲ. ಎಷ್ಟು ಸೊಕ್ಕು ನೋಡಿ. ವಹಿಯ ಅಂಕಿಗಳನ್ನು ಒಂದೂ ಬಿಡದೆ, ಗೆರೆ ಹೊಡೆದು, ಅಂದವಾದ ಕೋಷ್ಟಕ ಮಾಡಿ ಕಳಿಸಿಬಿಟ್ಟೆ. ಅಂಕಿ ಕಾಪಿ ಮಾಡುವುದರಲ್ಲಿ ನಾನು ತಪ್ಪು ಮಾಡಲಿಲ್ಲ. ವಹಿಯಲ್ಲಿ ಹನ್ನೊಂದು ಇದ್ದಲ್ಲಿ ನನ್ನ ಕೋಷ್ಟಕದಲ್ಲೂ ಹನ್ನೊಂದೇ ಇತ್ತು.

ಪ್ರಕಾಶಕರು ಅದನ್ನು ಪರಿಶೀಲಿಸಲು ಒಬ್ಬ ನಿವೃತ್ತ ಇಂಜಿನಿಯರಿಂಗ್ ಪ್ರಾಧ್ಯಾಪಕರಿಗೆ ಕೊಟ್ಟರು. ಅವರು ನಾನು ಬರೆದ ಕೊಳವೆಯನ್ನು ಸ್ಥಾಯಿ ಭಾಗ ಮಾಡಿದರು, ಎಳೆಯುವುದನ್ನು ಅಳವಡಿಸುವುದು ಮಾಡಿದರು, ಒಂದು ಕಡೆ ನನ್ನ ಅಲ್ಪವಿರಾಮ ಕೂಡ ತಿದ್ದಿದರು. ಕೋಷ್ಟಕದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಬಹಳ ಉಪಯುಕ್ತ' ಅಂತ ಬರೆದು ಮುಂದೆ ಹೋದರು. ಆ ಪುಣ್ಯಾತ್ಮರು ಜನ್ಮದಲ್ಲಿ ಒಂದು ಬೋರಿನ ಮೋಟಾರು ಬಿಚ್ಚಿ ನೋಡಿದ್ದರೋ ಇಲ್ಲವೋ ದೇವರಿಗೇ ಗೊತ್ತು.

ಪುಸ್ತಕದ ಮೊದಲಲ್ಲಿ ಕೃತಜ್ಞತೆಯ ಪುಟ ಅಂತ ಒಂದಿರುತ್ತದಲ್ಲ, ಅದನ್ನು ಬರೆಯಲು ನಾನು ಎರಡು ದಿನ ತಗೊಂಡೆ. ಪ್ರಾಧ್ಯಾಪಕರು, ಸಂಪಾದಕರು, ಮುಖ್ಯೋಪಾಧ್ಯಾಯರು, ಅತ್ತೆ ಮಾವ, ಗಂಡ, ಎಲ್ಲರಿಗೂ ಒಂದೊಂದು ಸಾಲು. ಅಪ್ಪನಿಗೆ? ಮೊದಲು ನನ್ನ ತಂದೆ ಅಂತಲೇ ಬರೆದೆ. ಅತ್ತೆಯ ಇಲೆಕ್ಟ್ರಿಕಲ್ ಬಿಜಿನೆಸ್ ನೆನಪಾಯಿತು. ಹೊಡೆದುಹಾಕಿ, 'ಕೋಷ್ಟಕದ ಮಾಹಿತಿ ಒದಗಿಸಿದ ಇಂಡಿಯ ಹಿರಿಯ ಮೋಟಾರ್ ಮೆಕ್ಯಾನಿಕ್‌ರಿಗೆ' ಅಂತ ಬರೆದೆ. ಇಂಡಿಯಲ್ಲಿ ಹಿರಿಯ ಮೆಕ್ಯಾನಿಕ್ ಅಂದರೆ ಇನ್ನಾರು, ಅವನೊಬ್ಬನೇ. ಮಗಳ ಬಾಯಿಂದ ಮರ್ಯಾದೆ ಸಿಗಲಿಲ್ಲ, ಊರ ಬಾಯಿಗೆ ಸಿಗುವಷ್ಟು ಗುರುತು ಮಾತ್ರ ಸಿಕ್ಕಿತು.

ವಿಜಾಪುರದಲ್ಲಿ ಬಿಡುಗಡೆ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಪ್ಪ ತೊಳೆದ ಧೋತರ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಮ್ಮಲ್ಲಿ ಕೆಸರು ಅಪ್ಪನ ಕೈಗೆ, ಮೊಸರು ನನ್ನ ಬಾಯಿಗೆ. ಸಭೆ ಮುಗಿದ ಮೇಲೆ ಒಂದು ಪ್ರತಿ ಅವನ ಕೈಗೆ ಕೊಟ್ಟೆ. ಅಂಗಿಗೆ ಕೈ ಒರೆಸಿಕೊಂಡು ತಗೊಂಡ. ಹಾಳೆ ತಿರುವಿ, ನನ್ನ ಫೋಟೋ ನೋಡಿ ನಕ್ಕು, "ಓದಿ ಹೇಳಲೇ ಇಲ್ಲಲ್ಲ ನೀ" ಅಂದ. ಸಿಟ್ಟಿನಿಂದ ಅನ್ನಲಿಲ್ಲ. "ಸೂಟಿಯಾಗ ಬರ್ತೇನಲ್ಲ, ಆವಾಗ ಓದ್ತೇನಿ" ಅಂದೆ. ಗಂಡನ ಕಡೆಯವರು ಕಾರಿನಲ್ಲಿ ಕಾಯುತ್ತಿದ್ದರು.

ಪುಸ್ತಕ ಗ್ರಂಥಾಲಯಗಳಿಗೆ ಹೋಯಿತು, ಪಂಚಾಯಿತಿಯ ವಾಚನಾಲಯಗಳಿಗೆ ಹೋಯಿತು. ಮರುವರ್ಷದ ಬ್ಯಾಸಗಿ ಸೂಟಿಯಲ್ಲಿ ನಾನು ತವರಿಗೆ ಬಂದಿದ್ದೆ. ಅಪ್ಪನ ಆಳು ಆ ವಾರ ಊರಿಗೆ ಹೋಗಿದ್ದ. ಬೆಳಿಗ್ಗೆ ಅಪ್ಪನಿಗೆ ಚಹಾ ತಗೊಂಡು ಅಂಗಡಿಗೆ ಹೋದಾಗ ಒಬ್ಬ ಮನುಷ್ಯ ಬಂದ. ನಲವತ್ತು ದಾಟಿದವನು. ಮುದ್ದೇಬಿಹಾಳದವನು, ಹತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿ ಈಗ ಅಲ್ಲಿಯೇ ಸ್ವಂತ ರೀವೈಂಡಿಂಗ್ ಅಂಗಡಿ ಇಟ್ಟಿದ್ದನಂತೆ. ಬಸ್ಸಿನ ಮೇಲೆ ಹಾಕಿಕೊಂಡು ಬಂದ ಗೋಣಿಚೀಲವನ್ನು ಇಳಿಸಿದ. ಒಳಗೆ ಸುಟ್ಟ ಮೋಟಾರಿನ ಕೊಳವೆ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಪುಸ್ತಕ.

"ಇಂಡಿ ಹಿರೇ ಮೆಕ್ಯಾನಿಕ್ ಅಂದ್ರ ನೀವ ಹೌದಲ್ರಿ ಕಾಕಾ?"

"ಹೌದಪಾ, ಕುಂದ್ರು. ಏನಾಗೈತಿ?"

"ಏನಾಗೂದೈತ್ರಿ, ನಿಮ್ಮ ಲೆಕ್ಕಾ ನಂಬಿ ಮಣ್ಣ ತಿಂದೇನಿ."

ಪುಸ್ತಕ ನೋಡಿ ಮೂರು ಮೋಟಾರು ಕಟ್ಟಿದ್ದನಂತೆ. ವೋಲ್ಟೇಜು ಕಡಿಮೆ ಇದ್ದಷ್ಟು ದಿನ ಚೆನ್ನಾಗಿಯೇ ತಿರುಗಿದವು. ಪೂರಾ ವೋಲ್ಟೇಜು ಬಂದ ಕೂಡಲೇ ಒಂದರ ಹಿಂದೊಂದು ಸುಟ್ಟುಹೋದವು. ಮೂರೂ ಮಂದಿ ರೈತರು ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. "ಹೊಸಾ ಅಂಗಡ್ರಿ ಕಾಕಾ. ಒಬ್ಬರೂ ಹೊಳ್ಳಿ ನೋಡವಲ್ರು" ಅಂದ.

"ಏನ್ ಬರದಾರ ಓದು" ಅಂದ ಅಪ್ಪ.

ಅವನು ಕೋಷ್ಟಕದ ಆ ಸಾಲನ್ನು ಓದಿದ. ಕಂಪನಿ, ಎಚ್.ಪಿ., ಗೇಜು, ಹನ್ನೊಂದು ಸುತ್ತು. ಅಪ್ಪ ಕಣ್ಣು ಮುಚ್ಚಿ ಕೇಳಿದ. ನನ್ನ ಪುಸ್ತಕ ಅವನ ಕಿವಿಗೆ ಬಿದ್ದದ್ದು ಆವತ್ತೇ ಮೊದಲು, ಅದೂ ಪರ ಮನುಷ್ಯನ ಬಾಯಿಂದ.

"ಲಾಭ ಬಿಟ್ಟು ಹನ್ನೊಂದೋ, ಲಾಭ ಹಿಡದು ಹನ್ನೊಂದೋ?"

"ಯಾವ ಲಾಭ್ರಿ? ಪುಸ್ತಕದಾಗ ಲಾಭ ಏನೂ ಇಲ್ರಿ."

ಅಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿದ. ಚಹಾದ ಬಟ್ಟಲು ಹಿಡಿದು ನಿಂತಲ್ಲೇ ನನಗೆ ನೆನಪಾಯಿತು.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಕಣದಲ್ಲಿ ಜೋಳ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಹೆಚ್ಚಿನವರು ಲಾಭ ಅಂದಮೇಲೆ ಎರಡು ಅಂತ ಮುಂದಕ್ಕೆ ಹೋಗುತ್ತಾರೆ. ನಮ್ಮಜ್ಜ ಮಂದಿಯ ಕಣಗಳಲ್ಲಿ ರಾಶಿ ಅಳೆಯುತ್ತಿದ್ದವನು, ಅವನ ಪದ್ಧತಿ ಬೇರೆ. ಮೊದಲ ಅಳತೆ ದೇವರದು, ಲೆಕ್ಕದ ಹೊರಗಿನದು. ಅದನ್ನು ಲಾಭ ಅಂದು ಬದಿಗೆ ಸುರಿದ ಮೇಲೆಯೇ ಒಂದು. ಅಪ್ಪ ಅದನ್ನೇ ಕಣದಿಂದ ತಂದು ಮೋಟಾರಿಗೆ ಹಚ್ಚಿದ್ದ. ತಂತಿ ಮೊದಲ ಸಲ ಹೋಗಿ ಬಂದರೆ ಲಾಭ, ಆಮೇಲೆ ಒಂದು, ಎರಡು, ಮೂರು. ಅವನ ಬಾಯಲ್ಲಿ ಹನ್ನೊಂದು ಬಂದಾಗ ಕೊಳವೆಯೊಳಗೆ ಹನ್ನೆರಡು ಸುತ್ತು ಇರುತ್ತಿದ್ದವು. ಸುಟ್ಟ ತಂತಿ ಬಿಚ್ಚಿ ಎಣಿಸುವಾಗಲೂ ಹಾಗೆಯೇ ಎಣಿಸುತ್ತಿದ್ದ, ಹೀಗಾಗಿ ಅವನ ಕೈಯಲ್ಲಿ ಒಂದು ಮೋಟಾರೂ ತಪ್ಪಿರಲಿಲ್ಲ. ದೇವರ ಪಾಲನ್ನು ಯಾರಾದರೂ ವಹಿಯಲ್ಲಿ ಬರೆಯುತ್ತಾರೆಯೇ? ಅವನೂ ಬರೆಯಲಿಲ್ಲ. ಆರು ವರ್ಷ ಎದುರು ಕೂತು ಆ ಲಾಭವನ್ನು ನನ್ನ ಕೈಯಾರೆ ಎಳೆದವಳು ನಾನು. ಬಿ.ಎಸ್ಸಿ., ಬಿ.ಎಡ್. ಮಾಡಿ, ಗೋಡೆಯಷ್ಟು ಪುಸ್ತಕ ಓದಿ, ಅದನ್ನೇ ಮರೆತಿದ್ದೆ. ಒಮ್ಮೆ, ಒಂದೇ ಒಂದು ಸಲ ಅವನ ಮುಂದೆ ಓದಿದ್ದರೆ ಆ ಪ್ರಶ್ನೆ ಅಂದೇ ಕೇಳುತ್ತಿದ್ದ.

ಮುದ್ದೇಬಿಹಾಳದವನು ನನ್ನ ಕಡೆ ತಿರುಗಿದ. "ಇವರು ಯಾರ್ರಿ?"

"ಮಗಳಪಾ. ಸಾಲ್ಯಾಗ ಟೀಚರ್ ಅದಾಳ."

"ಹೌದ್ರಿ? ಹಂಗಾದ್ರ ನೀವರೆ ನೋಡ್ರಿ ಅಕ್ಕೋರ." ಪುಸ್ತಕ ನನ್ನ ಕೈಗೆ ಕೊಟ್ಟ. ಗ್ರಂಥಾಲಯದ ಪ್ರತಿ, ಮೇಲಿನ ಹೊದಿಕೆ ಹರಿದು ನನ್ನ ಫೋಟೋ ಹೋಗಿತ್ತು. ಹೆಸರು ಗಂಡನ ಮನೆಯದು. "ಯಾರೋ ಹೆಣ್ಣುಮಗಳು ಬರದಾಳ. ಆಕಿಗೆ ಮೋಟಾರಿನ ಗಂಧಗಾಳಿ ಇಲ್ಲ ಅನಸ್ತೈತಿ."

ಬಾಯಿ ತೆರೆಯಬೇಕಾದ ಹೊತ್ತು ಅದು. ನಾನೇ ಆಕಿ ಅಂತ ಎರಡು ಶಬ್ದ ಸಾಕಿತ್ತು. ನಾನು ಪುಸ್ತಕ ನೋಡುತ್ತ ನಿಂತೆ.

"ಬರದಾಕಿಗೆ ಗೊತ್ತೈತಪಾ" ಅಂದ ಅಪ್ಪ. "ಹೇಳಿದಂವಂದ ತಪ್ಪು. ನಾ ಲಾಭ ಬಿಟ್ಟು ಹೇಳಿನಿ. ವಯಸ್ಸಾತು ನೋಡು, ಮರವು."

ಹಾಗಂದವನು ಅವನ ಕೊಳವೆಯನ್ನು ತನ್ನ ಮುಂದೆ ಎಳಕೊಂಡ. ಸುಟ್ಟ ತಂತಿ ಕಿತ್ತು ಹಾಕಿ, ಹೊಸದನ್ನು ಕೈಗೆ ತಗೊಂಡು ನನಗೆ, "ಕುಂದ್ರು, ಎಳಿ" ಅಂದ. ಹದಿನೈದು ವರ್ಷದ ಮೇಲೆ ನಾನು ಆ ತುದಿಗೆ ಕೂತೆ. ಅಪ್ಪ ಆ ಮನುಷ್ಯನಿಗೆ ಕೇಳಲಿ ಅಂತ ದೊಡ್ಡ ದನಿಯಲ್ಲಿ ಎಣಿಸಿದ. ಲಾಭ. ಒಂದು. ಎರಡು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳು ಮಡಚುತ್ತಿದ್ದ. ಸಂಜೆಯ ತನಕ ಎಳೆದೆ, ಬೆರಳಿಗೆ ಬೊಬ್ಬೆ ಬಂದವು. ಅವನು ಹೋಗುವಾಗ ಅಪ್ಪನ ಕೈ ಹಿಡಿದು, "ತಪ್ಪ ಒಪ್ಪಗೊಂಡ್ರಲ್ಲ ಕಾಕಾ, ಹಂಗ ಯಾರು ಒಪ್ಪತಾರ್ರಿ" ಅಂದ. ನನಗೂ ನಮಸ್ಕಾರ ಮಾಡಿ ಹೋದ.

"ನಾ ಓದು ಅಂದಿದ್ದೆ" ಅಂದ ಅಪ್ಪ, ಅವನು ಓಣಿ ದಾಟಿದ ಮೇಲೆ. ನಾನು ಅಳತೊಡಗಿದೆ. ಮುಂದಿನ ಮುದ್ರಣದಲ್ಲಿ ತಿದ್ದಿಸುತ್ತೇನೆ, ನಿನ್ನ ಹೆಸರು ಹಾಕಿಸಿ, ನನ್ನ ತಂದೆ ಅಂತಲೇ ಬರೆಸುತ್ತೇನೆ ಅಂದೆ.

"ಹೆಸರ ಬ್ಯಾಡ. ಹನ್ನೊಂದ ಇದ್ದಲ್ಲಿ ಹನ್ನೆರಡ ಮಾಡು. ಎಲ್ಲಾದಕ್ಕೂ ಒಂದೊಂದ ಕೂಡಸು. ಮತ್ತ ನಾ ಬೇಕಂತ ಮಾಡಿಲ್ಲ ಅಂತ ಒಂದ ಸಾಲ ಹಾಕು. ಸಾಕು."

ಆ ಒಂದು ಸಾಲನ್ನು ಯಾಕೆ ಕೇಳಿದ ಅಂತ ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಪುಸ್ತಕ ನೋಡಿ ಮೋಟಾರು ಕಟ್ಟಿದವನು ಮುದ್ದೇಬಿಹಾಳದವನೊಬ್ಬನೇ ಆಗಿರಲಿಲ್ಲ. ಸಿಂದಗಿಯಲ್ಲಿ ಸುಟ್ಟವು, ಝಳಕಿಯಲ್ಲಿ ಸುಟ್ಟವು. ಮೆಕ್ಯಾನಿಕ್ ಮಂದಿಯಲ್ಲಿ ಮಾತು ಹಬ್ಬಿತು. ಮುದುಕ ದೊಡ್ಡವನಂತೆ ಗುಟ್ಟು ಬಿಟ್ಟುಕೊಟ್ಟ ಹಾಗೆ ಮಾಡಿ ಒಂದು ಸುತ್ತು ಮುಚ್ಚಿಟ್ಟಾನ, ಮಂದಿ ಮೋಟಾರು ಸುಡಲಿ, ತನ್ನಂಗಡಿಗೇ ಬರಲಿ ಅಂತ ಮಾಡ್ಯಾನ ಅಂತ. ಕೇಳಿದವರೆಲ್ಲ ನಂಬಿದರು. ವಹಿಯನ್ನು ಯಾರೂ ಬಿಟ್ಟುಕೊಡದ ಕಸುಬಿನಲ್ಲಿ ಒಬ್ಬ ಬಿಟ್ಟುಕೊಟ್ಟನೆಂದರೆ ಅದರಲ್ಲಿ ಮೋಸ ಇರಲೇಬೇಕಲ್ಲ! ಚಕ್ಕಡಿಗಳು ಬೇರೆ ಅಂಗಡಿಗಳ ಮುಂದೆ ನಿಲ್ಲತೊಡಗಿದವು. ಅಪ್ಪ ಆಳನ್ನು ಬಿಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ನಾನು ಶಾಲೆಯಲ್ಲಿ ಗಾದೆ ಅಂತ ಕಲಿತಿದ್ದೆ.

ನಾನು ಪ್ರಕಾಶಕರಿಗೆ ಬರೆದೆ. ಎಲ್ಲ ಬರೆದೆ, ಲಾಭದ ಪದ್ಧತಿ, ನನ್ನ ಮರವು, ಓದಿ ತೋರಿಸದ್ದು. ಎರಡನೇ ಮುದ್ರಣದ ಕರಡು ಅಂಚೆಯಲ್ಲಿ ಬಂತು. ಅಪ್ಪನ ಕೋಷ್ಟಕವನ್ನೇ ಪೂರ್ತಿ ತೆಗೆದು ಯಾವುದೋ ಕಂಪನಿಯ ಕ್ಯಾಟಲಾಗಿನದನ್ನು ಹಾಕಿದ್ದರು. ಕೃತಜ್ಞತೆಯ ಪುಟದಲ್ಲಿ ಅವನ ಸಾಲು ಇರಲಿಲ್ಲ. ಮುನ್ನುಡಿಯ ಕೊನೆಗೆ ಹೊಸದಾಗಿ ಎರಡು ವಾಕ್ಯ ಸೇರಿದ್ದವು: 'ಸ್ಥಳೀಯ ಮೆಕ್ಯಾನಿಕ್ ಒಬ್ಬರು ನೀಡಿದ ತಪ್ಪು ಮಾಹಿತಿಯಿಂದಾಗಿ ಮೊದಲ ಮುದ್ರಣದಲ್ಲಿ ದೋಷ ಉಂಟಾಗಿತ್ತು. ತಜ್ಞರ ನೆರವಿನಿಂದ ಅದನ್ನು ಸರಿಪಡಿಸಲಾಗಿದೆ.'

ಬಾಗೇವಾಡಿಯ ಎಸ್.ಟಿ.ಡಿ. ಬೂತಿಗೆ ಓಡಿದೆ. ಇದು ಸುಳ್ಳು ಸರ್, ತಪ್ಪು ನನ್ನದು ಅಂದೆ. ಸಂಪಾದಕರು ಶಾಂತವಾಗಿಯೇ ಮಾತಾಡಿದರು. "ಹಾಗಾದರೆ ಲೇಖಕಿಯ ತಪ್ಪು ಅಂತ ಹಾಕೋಣವೇ ಮೇಡಂ? ಗ್ರಂಥಾಲಯದವರು ಮತ್ತೆ ತಗೊಳ್ಳುತ್ತಾರೋ ಇಲ್ಲವೋ ಹೇಳಲಾರೆ. ನಿಮ್ಮ ಮುಂದಿನ ಸಂಪುಟವೂ ಸಮಿತಿಯ ಮುಂದೆ ಇದೆ. ಇಲ್ಲಿ ಯಾರ ಹೆಸರೂ ಇಲ್ಲವಲ್ಲ. ಸ್ಥಳೀಯ ಮೆಕ್ಯಾನಿಕ್ ಅಂದರೆ ಯಾರು ಬೇಕಾದರೂ ಆಗಬಹುದು. ನೀವೇ ಹೇಳಿ."

ಬೂತಿನ ಹೊರಗೆ ನನ್ನ ಶಾಲೆಯ ಇಬ್ಬರು ಸಹೋದ್ಯೋಗಿಗಳು ನಿಂತಿದ್ದರು. ಗಾಜಿನ ಆಚೆಯಿಂದ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ.

"ಇರಲಿ ಬಿಡಿ ಸರ್" ಅಂದೆ.

ಮನೆಗೆ ಬಂದು ಕರಡಿನ ಪ್ರತಿ ಪುಟಕ್ಕೂ ಸಹಿ ಹಾಕಿ ಕಳಿಸಿದೆ. ಅಪ್ಪ ಎಲ್ಲಿ ಓದುತ್ತಾನೆ ಅಂದುಕೊಂಡೆ. ಅವನು ಓದಬೇಕಾಗಿರಲಿಲ್ಲ, ಊರಿನವರಿಗೆ ಓದಲು ಬರುತ್ತಿತ್ತು. ಇಂಡಿಯ ವಾಚನಾಲಯಕ್ಕೆ ಹೊಸ ಮುದ್ರಣ ಬಂದ ವಾರವೇ ಯಾರೋ ಅದನ್ನು ಚಹಾದಂಗಡಿಗೆ ತಂದು, ಮುನ್ನುಡಿ ತೆಗೆದು, ಅಪ್ಪನ ಮುಂದೆಯೇ ಓದಿ ತೋರಿಸಿದರಂತೆ. ನೋಡ್ರಿ, ಪುಸ್ತಕದಾಗೂ ಬಂತು ಅಂದರಂತೆ. ಬಾಯಿಮಾತಾಗಿದ್ದದ್ದಕ್ಕೆ ಈಗ ಅಚ್ಚಿನ ಸಾಕ್ಷಿ ಸಿಕ್ಕಿತ್ತು. ಇದನ್ನೆಲ್ಲ ಅವ್ವ ನನಗೆ ಫೋನಿನಲ್ಲಿ ಹೇಳಿದಳು, ಅಳುತ್ತ.

ರವಿವಾರ ಇಂಡಿಗೆ ಹೋದೆ. ಅಂಗಡಿಯಲ್ಲಿ ಒಂದೇ ಮೋಟಾರು ಇತ್ತು. ಆಳಿಲ್ಲದೆ ಅಪ್ಪ ಈ ತುದಿಯಿಂದ ತಂತಿ ತೂರಿಸಿ, ಮೊಳಕಾಲು ಹಿಡಿದು ಎದ್ದು, ಆ ತುದಿಗೆ ಹೋಗಿ ತಾನೇ ಎಳೆದು, ಮತ್ತೆ ಈ ಕಡೆಗೆ ಬಂದು ಕೂಡುತ್ತಿದ್ದ. ನಾನು ಎದುರಿಗೆ ಕೂತು ತಂತಿಗೆ ಕೈ ಹಾಕಿದೆ. ಅವನು ಮೆಲ್ಲಗೆ ನನ್ನ ಕೈ ಸರಿಸಿದ.

"ನಿನಗ ತೋರಿಸದ ಅಚ್ಚ ಹಾಕಿದ್ರೇನು?"

ಹೌದು ಅಂದುಬಿಡಬಹುದಿತ್ತು. "ತೋರಿಸಿದ್ರು" ಅಂದೆ.

"ಮತ್ತ?"

"ಸಹಿ ಮಾಡಿನಿ."

ಅಪ್ಪ ತಂತಿಯನ್ನು ಕೆಳಗಿಟ್ಟ. ದನಿ ಏರಿಸಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

"ಅವತ್ತ ಆ ಮುದ್ದೇಬಿಹಾಳದಂವನ ಮುಂದ ಯಾರೂ ನನಗ ಹೊರು ಅಂದಿರಲಿಲ್ಲ. ನಾನ ಹೊತ್ತೆ. ನಿನ್ನ ಕಣ್ಣ ಮುಂದ ಹೊತ್ತೆ. ನೀ ನನ್ನ ಬೆನ್ನ ಹಿಂದ ಹೊರಿಸಿದಿ."

"ಯಪ್ಪಾ..." ಅಂದೆ.

"ಏಳು. ವಿಜಾಪುರ ಬಸ್ ಹೋಗ್ತೈತಿ" ಅಂದ. ಮೊಳಕಾಲು ಹಿಡಿದು ಎದ್ದು ಆ ತುದಿಗೆ ಹೋದ. ಆ ಬಸ್ಸು ತಪ್ಪಿದರೆ ವಿಜಾಪುರದಿಂದ ಬಾಗೇವಾಡಿಗೆ ಹೋಗುವ ಮುಂದಿನ ಬಸ್ಸು ಸಿಗುತ್ತಿರಲಿಲ್ಲ, ಮರುದಿನ ಸೋಮವಾರ ಶಾಲೆ ಇತ್ತು. ನಾನು ಚೀಲ ತಗೊಂಡು ಎದ್ದು ಹೋದೆ.